ಏರುವಾಗ ನಿಲ್ಲುವ ಎಂಜಿನ್: ಸೈಲೆನ್ಸರ್ ಟ್ಯೂಬಿನಿಂದ ಆಗುವುದೇನು, ಆಗದಿರುವುದೇನು

ಹಾಸನದ ಓದುಗರೊಬ್ಬರ ಪ್ರಶ್ನೆ: ಮಂಗಳೂರಿನಲ್ಲಿ ಓದುವಾಗ ಕಟ್ಟಿದ ಹೈವಿಂಗ್ ಟ್ರೈನರ್ ಮಾದರಿ ವಿಮಾನವನ್ನು ಈಗ ಊರಿಗೆ ತಂದು, ಕೊಯ್ಲು ಮುಗಿದ ಹೊಲದಲ್ಲಿ ಹಾರಿಸುತ್ತಿದ್ದೇನೆ. 46 ಸೈಜಿನ (ಸುಮಾರು 7.5 ಸಿಸಿ) ಟೂ ಸ್ಟ್ರೋಕ್ ಗ್ಲೋ ಎಂಜಿನ್ (ಕಾದು ಕೆಂಪಾದ ಪ್ಲಗ್ ತಂತಿಯಿಂದ ಇಂಧನ ಹೊತ್ತಿಸುವಂಥದ್ದು), 11×6 ಇಂಚಿನ ಪ್ರಾಪ್ (ಪ್ರೊಪೆಲ್ಲರ್), 300 ಮಿ.ಲೀ. ಟ್ಯಾಂಕ್. ಇಂಧನ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ. ನೆಲದ ಮೇಲೆ ಚೆನ್ನಾಗಿ ಓಡುತ್ತದೆ. ಮೇಲೆ ಹೋದ ಮೇಲೆ ಟ್ಯಾಂಕ್ ಅರ್ಧಕ್ಕೆ ಬಂತೆಂದರೆ, ಫುಲ್ ಥ್ರಾಟಲ್‌ನಲ್ಲಿ ಮೂಗೆತ್ತಿದಾಗ ಸದ್ದು ಕೀರಲಾಗಿ ಎಂಜಿನ್ ನಿಂತುಬಿಡುತ್ತದೆ. ಟ್ಯಾಂಕಿನ ಗಾಳಿ ಟ್ಯೂಬನ್ನು ಹೊರಗೆ ತೆರೆದು ಬಿಟ್ಟಿದ್ದೇನೆ. ಅದನ್ನು ಸೈಲೆನ್ಸರ್‌ಗೆ ಜೋಡಿಸಿದರೆ ಪವರ್ ಹೆಚ್ಚುತ್ತದೆ ಎಂದು ಒಬ್ಬರು ಹೇಳುತ್ತಾರೆ. ಬಿಸಿ ಹೊಗೆ ಟ್ಯಾಂಕಿಗೆ ಹೋಗಿ ಬೆಂಕಿ ಹತ್ತಿಕೊಳ್ಳುತ್ತದೆ, ಇಂಧನವೂ ಕೆಡುತ್ತದೆ ಎಂದು ಇನ್ನೊಬ್ಬರು. ಯಾವುದು ನಿಜ? ಮುಂದೆ 20 ಸಿಸಿ ಪೆಟ್ರೋಲ್ ಎಂಜಿನ್ ಕೊಳ್ಳುವ ಆಸೆಯಿದೆ. ಅದಕ್ಕೂ ಹೀಗೆಯೇ ಟ್ಯೂಬು ಹಾಕಬೇಕೆ?

ಉತ್ತರ: ನಿಮ್ಮ ಎಂಜಿನ್‌ಗೆ ಹೊಟ್ಟೆಗೆ ಸಾಲುತ್ತಿಲ್ಲ. ನಿಲ್ಲುವ ಮೊದಲು ಕೇಳುವ ಆ ಕೀರಲು ಸದ್ದು ಲೀನ್ ಆಗುತ್ತಿರುವ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗದ ಎಂಜಿನ್ನಿನದು. ರಿಚ್ ಆಗಿ, ಅಂದರೆ ಇಂಧನ ಹೆಚ್ಚಾಗಿ ನಿಲ್ಲುವ ಎಂಜಿನ್ ಮೊದಲು ಗೊಗ್ಗರು ದನಿಯಲ್ಲಿ ತೊದಲುತ್ತದೆ, ಹೊಗೆ ದಟ್ಟವಾಗುತ್ತದೆ. ಲೀನ್ ಆದ ಗ್ಲೋ ಎಂಜಿನ್ ನಿಲ್ಲುವುದಷ್ಟೇ ತೊಂದರೆಯಲ್ಲ. ಅದಕ್ಕೆ ಬೇಕಾದ ಎಣ್ಣೆ ಇಂಧನದ ಜೊತೆಗೇ ಬರುವುದರಿಂದ, ಇಂಧನ ಕಡಿಮೆಯಾದಾಗ ಎಣ್ಣೆಯೂ ಕಡಿಮೆಯಾಗುತ್ತದೆ. ಪದೇ ಪದೇ ಹೀಗಾದರೆ ಪಿಸ್ಟನ್, ಲೈನರ್ ಸವೆದು ಕಂಪ್ರೆಷನ್ ಹೋಗುತ್ತದೆ. ಆದ್ದರಿಂದ ಕಾರಣ ಸಿಗುವವರೆಗೆ ಹಾರಿಸುವುದನ್ನು ನಿಲ್ಲಿಸಿ.

ಸೈಲೆನ್ಸರ್‌ನಿಂದ ಟ್ಯಾಂಕಿಗೆ ಟ್ಯೂಬು ಹಾಕಿ. ಹವ್ಯಾಸಿಗಳು ಮಫ್ಲರ್ ಪ್ರೆಶರ್ ಎನ್ನುವುದು ಇದನ್ನೇ. ಥ್ರಾಟಲ್ ಇರುವ ಗ್ಲೋ ಎಂಜಿನ್ನಿಗೆ ಇದೇ ರೂಢಿಯ ಕ್ರಮ. ಸೈಲೆನ್ಸರ್ ಮೇಲೆ ಟ್ಯೂಬು ಸಿಕ್ಕಿಸುವ ಆ ಸಣ್ಣ ಕೊಳವೆ ಮೊನೆ, ನಿಪ್ಪಲ್, ಇಟ್ಟಿರುವುದೇ ಇದಕ್ಕಾಗಿ. ಆದರೆ ಟ್ಯೂಬು ಸಿಕ್ಕಿಸುವ ಮೊದಲು ಟ್ಯಾಂಕನ್ನು ಹೊರತೆಗೆದು ನೋಡಬೇಕು. ನೀವು ಹೇಳುವ ಲಕ್ಷಣ ಟ್ಯೂಬಿಲ್ಲದ್ದರಿಂದಲೂ ಬರಬಹುದು, ಟ್ಯಾಂಕಿನೊಳಗಿನ ದೋಷದಿಂದಲೂ ಬರಬಹುದು. ಎರಡನೆಯದಾದರೆ ಯಾವ ಒತ್ತಡವೂ ಅದನ್ನು ಸರಿಮಾಡುವುದಿಲ್ಲ.

ನಿಮ್ಮ ಸ್ನೇಹಿತರ ಮಾತುಗಳನ್ನು ಮೊದಲು ನೋಡೋಣ. ಬೆಂಕಿಯ ಭಯಕ್ಕೆ ಆಧಾರವಿಲ್ಲ. ಇಷ್ಟು ದೊಡ್ಡ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ 25ರಿಂದ 30 ಮಿ.ಲೀ. ಇಂಧನ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಖಾಲಿಯಾದ ಅಷ್ಟೇ ಜಾಗವನ್ನು ತುಂಬಲು ಸೈಲೆನ್ಸರ್‌ನಿಂದ ಟ್ಯಾಂಕಿಗೆ ಹೋಗುವ ಹೊಗೆಯೂ ನಿಮಿಷಕ್ಕೆ 25–30 ಮಿ.ಲೀ., ಎಂದರೆ ಸೆಕೆಂಡಿಗೆ ಅರ್ಧ ಮಿ.ಲೀ. ಮಾತ್ರ. ಪ್ರಾಪ್ ಗಾಳಿಯಲ್ಲಿರುವ 15–20 ಸೆಂ.ಮೀ. ಟ್ಯೂಬಿನಲ್ಲಿ ಅಷ್ಟು ಹೊಗೆ ತಣ್ಣಗಾಗಿಬಿಡುತ್ತದೆ. ಮೆಥನಾಲ್ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಲು ನಾನೂರು ಡಿಗ್ರಿಗೂ ಮೀರಿದ ಶಾಖ ಬೇಕು. ನಿಜವಾದ ಬೆಂಕಿಯ ಅಪಾಯ ಇರುವುದು ನೆಲದ ಮೇಲೆ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇಂಧನ ತುಂಬುವಾಗ ಮತ್ತು ಚೆಲ್ಲಿದ ಇಂಧನದ ಹತ್ತಿರ ಗ್ಲೋ ಪ್ಲಗ್ ಬ್ಯಾಟರಿ ಇಟ್ಟಾಗ. ಬಿಸಿಲಿನಲ್ಲಿ ಮೆಥನಾಲ್ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಅದು ನೀರಿನಲ್ಲಿ ಬೆರೆಯುವುದರಿಂದ ನೀರು ಧಾರಾಳವಾಗಿ ಸುರಿದು ಆರಿಸಬಹುದು. ಹಾರಿಸುವ ಜಾಗದಲ್ಲಿ ಒಂದು ಬಕೆಟ್ ನೀರು ಇರಲೇಬೇಕು.

ಇಂಧನ ಕೆಡುತ್ತದೆ ಎಂಬುದರಲ್ಲಿ ಅರ್ಧ ನಿಜವಿದೆ. ಹೊಗೆಯ ಜೊತೆ ಕಂದು ಎಣ್ಣೆಯೂ ನೀರಿನ ಹನಿಯೂ ಸ್ವಲ್ಪ ಬರುತ್ತವೆ. ಒಂದು ಹಾರಾಟದ ಮಟ್ಟಿಗೆ ಇದರಿಂದ ಏನೂ ಆಗದು. ಆದರೆ ಟ್ಯಾಂಕಿನಲ್ಲಿ ಉಳಿದ ಇಂಧನವನ್ನು ಮತ್ತೆ ಕ್ಯಾನಿಗೆ ಸುರಿಯಬೇಡಿ, ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿಡಿ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಇದಕ್ಕಿಂತ ದೊಡ್ಡ ಕೇಡು ಮುಚ್ಚಳ ಸಡಿಲವಿರುವ ಕ್ಯಾನು. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಇಂಧನದಲ್ಲಿ ಐಡಲ್ (ಥ್ರಾಟಲ್ ಇಳಿಸಿದಾಗಿನ ನಿಧಾನ ಓಟ) ಸ್ಥಿರವಾಗಿ ನಿಲ್ಲುವುದಿಲ್ಲ, ಪ್ಲಗ್ ಆರುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಕೈಗೆ ಸಿಗುವುದಿಲ್ಲ.

ಪವರ್ ಹೆಚ್ಚುತ್ತದೆ ಎಂಬುದು ತಪ್ಪು. ಇದು ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಅಲ್ಲ. ಒತ್ತಡ ಬೀಳುವುದು ಇಂಧನದ ಮೇಲೆ ಮಾತ್ರ. ಟ್ಯೂಬು ಹಾಕಿ ನೀಡಲ್ (ಇಂಧನದ ಹರಿವನ್ನು ಹೆಚ್ಚುಕಡಿಮೆ ಮಾಡುವ ತಿರುಪು ಸೂಜಿ) ಹಾಗೇ ಬಿಟ್ಟರೆ ಎಂಜಿನ್ ರಿಚ್ ಆಗಿ ವೇಗ ಇಳಿಯುವುದೇ ಹೆಚ್ಚು. ಸಿಗುವ ಲಾಭ ಇಂಧನದ ಹರಿವು ಸ್ಥಿರವಾಗುವುದು.

ಯಾಕೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು, ಎಲ್ಲ ಉತ್ತರವೂ ಅಲ್ಲೇ ಇದೆ. ಕಾರ್ಬೊರೇಟರ್ ಗಂಟಲಿನಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಇಳಿದು ಇಂಧನವನ್ನು ಎಳೆಯುತ್ತದೆ. ಗಂಟಲು ಕಿರಿದಾದರೆ ಎಳೆತ ಜೋರು, ಆದರೆ ಒಳಹೋಗುವ ಗಾಳಿ ಕಡಿಮೆ, ಪವರ್ ಕಡಿಮೆ. ಪವರ್ ಬೇಕೆಂದು ಗಂಟಲನ್ನು ಅಗಲ ಮಾಡಿರುವ ಆರ್‌ಸಿ (ರೇಡಿಯೊ ನಿಯಂತ್ರಣದ) ಎಂಜಿನ್ನುಗಳಲ್ಲಿ ಎಳೆತ ದುರ್ಬಲ. ಇನ್ನು ಟ್ಯಾಂಕಿನ ಕಡೆ ನೋಡಿ. ನಿಮ್ಮಂಥ ಟ್ರೈನರ್‌ನಲ್ಲಿ ಕಾರ್ಬೊರೇಟರಿನ ನೀಡಲ್‌ನಿಂದ ಟ್ಯಾಂಕಿನ ಮುಂಭಾಗಕ್ಕೆ ಸುಮಾರು 8 ಸೆಂ.ಮೀ., ಹಿಂಭಾಗಕ್ಕೆ ಸುಮಾರು 20 ಸೆಂ.ಮೀ. ಅಂತರವಿರುತ್ತದೆ. ಮೂಗು ನೇರ ಮೇಲಾದಾಗ ಟ್ಯಾಂಕ್ ಎಂಜಿನ್ನಿನ ಕೆಳಗೆ ಬಂದುಬಿಡುತ್ತದೆ. ತುಂಬಿದ ಟ್ಯಾಂಕಿನಲ್ಲಿ ಇಂಧನದ ಮಟ್ಟ 8 ಸೆಂ.ಮೀ. ಕೆಳಗಿದ್ದರೆ, ಖಾಲಿಯಾಗುತ್ತ ಬಂದಾಗ 20 ಸೆಂ.ಮೀ. ಕೆಳಗಿರುತ್ತದೆ. ಅಷ್ಟು ಎತ್ತರಕ್ಕೆ ಇಂಧನವನ್ನು ಎತ್ತುವುದು ಆ ದುರ್ಬಲ ಎಳೆತವೇ. ಅರ್ಧ ಟ್ಯಾಂಕಿನವರೆಗೆ ಸುಮ್ಮನಿದ್ದು ಆಮೇಲೆ ಕಾಟ ಕೊಡುವುದಕ್ಕೆ ಇದೊಂದು ಕಾರಣ.

ಉದಾಹರಣೆಗೆ, ಕಾರ್ಬೊರೇಟರಿನ ಎಳೆತ 40 ಸೆಂ.ಮೀ. ಇಂಧನ ಎತ್ತುವಷ್ಟು ಇದೆ ಎಂದುಕೊಳ್ಳಿ. ಏರುವಾಗ 15 ಸೆಂ.ಮೀ. ಎತ್ತುವುದಕ್ಕೇ ಖರ್ಚಾದರೆ ಉಳಿಯುವುದು 25. ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ನಡೆಯುವುದರಿಂದ ಇಂಧನ ನೂರಕ್ಕೆ 21ರಷ್ಟು ಕುಸಿಯುತ್ತದೆ. ಎಂಜಿನ್ ನಿಲ್ಲಲು ಅಷ್ಟು ಸಾಕು. ಈಗ ಸೈಲೆನ್ಸರ್ ಕಡೆಯಿಂದ ಇನ್ನೊಂದು 40 ಸೇರಿತು ಎನ್ನಿ. ಒಟ್ಟು 80, ಏರುವಾಗ 65. ಕುಸಿತ ನೂರಕ್ಕೆ 10ಕ್ಕೆ ಇಳಿಯಿತು. ನೀಡಲನ್ನು ಎರಡು ಮೂರು ಕ್ಲಿಕ್ (ತಿರುಗಿಸುವಾಗ ಟಕ್ ಎನ್ನುವ ಒಂದೊಂದು ಹಂತ) ರಿಚ್ ಇಟ್ಟರೆ ಆ ಹತ್ತನ್ನು ಎಂಜಿನ್ ತಾಳಿಕೊಳ್ಳುತ್ತದೆ. ಇನ್ನೊಂದು ದಾರಿಯೂ ಇದೆ. ಟ್ಯೂಬನ್ನೇ ಹಾಕದೆ ಟ್ಯಾಂಕನ್ನು 8 ಸೆಂ.ಮೀ. ಮುಂದೆ ಸರಿಸಲು ಸಾಧ್ಯವಾದರೆ? 40ರಲ್ಲಿ 7 ಕಳೆದು 33. ಕುಸಿತ ನೂರಕ್ಕೆ 9. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಈ ಅಂಕಿಗಳು ವಿವರಿಸಲು ಹಿಡಿದವು, ನಿಮ್ಮ ಎಂಜಿನ್ನಿನ ಅಳತೆಯಲ್ಲ. ಆದರೆ ಟ್ಯಾಂಕ್ ಎಲ್ಲಿದೆ ಎಂಬುದಕ್ಕೆ ಎಷ್ಟು ಬೆಲೆ ಇದೆ ಎಂದು ಇದರಿಂದ ಗೊತ್ತಾಗುತ್ತದೆ.

ಮಂಗಳೂರಿನಿಂದ ಹಾಸನಕ್ಕೆ ಬಂದದ್ದೂ ಇದರಲ್ಲಿ ಸೇರಿಕೊಂಡಿರಬಹುದು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಸಾವಿರ ದಾಟುತ್ತದೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು ನೂರಕ್ಕೆ 9 ಪಾಲು ತೆಳು. ಗಾಳಿ ತೆಳುವಾದಾಗ ಇಂಧನ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದರ ಅರ್ಧದಷ್ಟೇ ಇಳಿಯುತ್ತದೆ. ಹಾಗಾಗಿ ಮಂಗಳೂರಿನ ನೀಡಲ್ ಇಲ್ಲಿ ರಿಚ್. ಪವರ್ ಇಳಿದಂತೆನಿಸಿ ನೀವು ನೆಲದ ಮೇಲೆ ನೀಡಲನ್ನು ಮುಚ್ಚುತ್ತ ಹೋಗಿ, ಸದ್ದು ಅತಿ ಜೋರಾದ ಕಡೆ ಬಿಟ್ಟಿರಬೇಕು. ಹಾಗಿದ್ದರೆ ಏರುವಾಗಿನ ಕುಸಿತಕ್ಕೆ ಉಳಿಕೆಯೇ ಇಲ್ಲ. ಜೊತೆಗೆ ತೆಳು ಗಾಳಿಯಲ್ಲಿ ಕಾರ್ಬೊರೇಟರಿನ ಎಳೆತವೂ ಆ ಒಂಬತ್ತು ಪಾಲು ಸೋತಿರುತ್ತದೆ. ಹೋದ ಪವರ್ ನೀಡಲ್ ತಿರುಗಿಸಿದರೆ ಮರಳಿ ಬರುವುದಿಲ್ಲ, ಅದು ಊರಿನ ಎತ್ತರ ಕಿತ್ತುಕೊಂಡದ್ದು.

ಟ್ಯಾಂಕ್ ಮೊದಲು

ನಿಮ್ಮ ಲಕ್ಷಣಕ್ಕೆ ಅಚ್ಚಾಗಿ ಹೊಂದುವ ದೋಷ ಒಂದಿದೆ: ಟ್ಯಾಂಕಿನೊಳಗೆ ಟ್ಯೂಬಿನ ತುದಿಯಲ್ಲಿರುವ ತೂಕದ ಗುಂಡು, ಅಂದರೆ ಕ್ಲಂಕ್, ಮುಂದಕ್ಕೆ ಮಡಚಿಕೊಂಡಿರುವುದು. ಮೂಗು ನೆಲಕ್ಕೆ ಬಡಿದ ಒಂದೇ ಒಂದು ಒರಟು ಇಳಿತಕ್ಕೆ ಹೀಗಾಗುತ್ತದೆ. ಆಮೇಲೆ ಟ್ಯಾಂಕ್ ತುಂಬಿರುವಾಗ ಎಲ್ಲ ಸರಿ. ಅರ್ಧವಾದ ಮೇಲೆ ಮೂಗೆತ್ತಿದರೆ ಇಂಧನ ಹಿಂದಕ್ಕೆ ಹೋಗುತ್ತದೆ, ಕ್ಲಂಕ್ ಮುಂದೆ ಗಾಳಿಯಲ್ಲಿ ಉಳಿಯುತ್ತದೆ. ಈ ಸ್ಥಿತಿಯಲ್ಲಿ ಸೈಲೆನ್ಸರ್ ಒತ್ತಡ ಕೊಟ್ಟರೆ ಅದು ಕಾರ್ಬೊರೇಟರಿಗೆ ತಳ್ಳುವುದು ಗಾಳಿಯನ್ನೇ. ಟ್ಯಾಂಕನ್ನು ಖಾಲಿ ಮಾಡಿ, ಹೊರತೆಗೆದು, ಎಲ್ಲ ಕಡೆಗೂ ಹೊರಳಿಸಿ ಅಲ್ಲಾಡಿಸಿ. ಕ್ಲಂಕ್ ಗೋಡೆಗೆ ಟಕ್ ಟಕ್ ಎಂದು ಬಡಿಯುವುದು ಕೇಳಬೇಕು. ಮೂಗು ಮೇಲೆ ಮಾಡಿದಾಗ ಅದು ಹಿಂಗೋಡೆಗೆ 5–6 ಮಿ.ಮೀ. ಜಾಗ ಬಿಟ್ಟು ನೇತಾಡಬೇಕು. ಗೋಡೆಗೆ ತಾಗುವಷ್ಟು ಉದ್ದವಿದ್ದರೆ ಅಂಟಿಕೊಳ್ಳುತ್ತದೆ, ತೀರಾ ಗಿಡ್ಡವಿದ್ದರೆ ಕೊನೆಯ ಇಂಧನ ಸಿಗುವುದಿಲ್ಲ. ಒಳಗಿನ ಸಿಲಿಕಾನ್ ಟ್ಯೂಬಿಗೆ ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಇಂಧನದ ಮಟ್ಟ ಆ ತೂತಿಗಿಂತ ಕೆಳಗಿಳಿದ ಕ್ಷಣದಿಂದ ಗಾಳಿಗುಳ್ಳೆ ಬರತೊಡಗುತ್ತದೆ. ಅನುಮಾನವಿದ್ದರೆ ಪರೀಕ್ಷಿಸುತ್ತ ಕೂರಬೇಡಿ, ಹೊಸದು ಹಾಕಿ.

ಸೋರಿಕೆ ನೋಡಲು ಔಷಧಿ ಅಂಗಡಿಯಲ್ಲಿ ಸಿಗುವ 50 ಮಿ.ಲೀ. ಸಿರಿಂಜ್ ಬೇಕು. ಬಾಯಲ್ಲಿ ಊದಬೇಡಿ, ಮೆಥನಾಲ್ ವಿಷ, ಕಣ್ಣಿನ ದೃಷ್ಟಿಯನ್ನೇ ಕೆಡಿಸುವಂಥದ್ದು, ಚರ್ಮದಿಂದಲೂ ಒಳಗೆ ಹೋಗುತ್ತದೆ. ಒಂದನ್ನು ಬಿಟ್ಟು ಉಳಿದ ಟ್ಯೂಬುಗಳನ್ನು ಮುಚ್ಚಿ, ಟ್ಯಾಂಕನ್ನು ನೀರಿನಲ್ಲಿ ಮುಳುಗಿಸಿ, ಸಿರಿಂಜಿನಿಂದ ಗಾಳಿ ಒತ್ತಿ. ಗುಳ್ಳೆ ಬರುವುದು ಸಾಮಾನ್ಯವಾಗಿ ರಬ್ಬರ್ ಬಿರಡೆಯ ಸುತ್ತ. ಸ್ಕ್ರೂ ತುಸು ಬಿಗಿ ಮಾಡಿ. ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ. ತೆರೆದ ಟ್ಯಾಂಕಿನಲ್ಲಿ ಈ ಸೋರಿಕೆ ಗೊತ್ತೇ ಆಗುವುದಿಲ್ಲ, ಒತ್ತಡದ ಟ್ಯಾಂಕಿನಲ್ಲಿ ಅದೇ ಒತ್ತಡವನ್ನು ಕದಿಯುತ್ತದೆ, ಮರದ ಒಳಮೈಗೆಲ್ಲ ಎಣ್ಣೆ ಹಿಡಿಸುತ್ತದೆ.

ಮತ್ತೆ ಕೂರಿಸುವಾಗ ಟ್ಯಾಂಕಿನ ನಡುಗೆರೆ ನೀಡಲ್‌ನ ಮಟ್ಟಕ್ಕೆ ಅಥವಾ ಅದಕ್ಕಿಂತ 5–10 ಮಿ.ಮೀ. ಕೆಳಗೆ ಬರಲಿ. ಟ್ರೈನರ್‌ಗಳಲ್ಲಿ ಇದು ಎರಡು ಮೂರು ಸೆಂ.ಮೀ. ಕೆಳಗಿರುವುದೇ ಹೆಚ್ಚು. ನೇರ ಹಾರುವಾಗ ಅದು ಸಣ್ಣದು. ಮೂರು ಜಿ ಎಳೆತದ (ಭೂಮಿಯ ಎಳೆತದ ಮೂರರಷ್ಟು) ಲೂಪ್‌ನಲ್ಲಿ ಎರಡು ಸೆಂ.ಮೀ. ಆರು ಸೆಂ.ಮೀ.ನಷ್ಟು ತೂಗುತ್ತದೆ. ಟ್ಯಾಂಕನ್ನು ಮುಂದಿನ ಗೋಡೆಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಇಡಿ, ಆದರೆ ಮರಕ್ಕೆ ತಾಗದಂತೆ ಸುತ್ತ ಮೆತ್ತನೆ ಸ್ಪಂಜು ಕೊಡಿ. ನಡುಕ ನೇರವಾಗಿ ತಾಗಿದರೆ ಇಂಧನ ನೊರೆಯಾಗುತ್ತದೆ. ನೊರೆಯೆಂದರೆ ಗಾಳಿಯೇ, ಲಕ್ಷಣವೂ ಅದೇ ಲೀನ್.

ಟ್ಯೂಬು ಹಾಕುವುದು, ಟ್ಯೂನ್ ಮಾಡುವುದು

ಸುಮಾರು 2.4 ಮಿ.ಮೀ. ಒಳವ್ಯಾಸದ ಗ್ಲೋ ಇಂಧನದ ಸಿಲಿಕಾನ್ ಟ್ಯೂಬು ತನ್ನಿ. ಮೀನಿನ ತೊಟ್ಟಿಗೆ ಹಾಕುವ ಪ್ಲಾಸ್ಟಿಕ್ ಟ್ಯೂಬು ಮೆಥನಾಲಿನಲ್ಲಿ ಗಟ್ಟಿಯಾಗುತ್ತದೆ, ಬಿಸಿ ನಿಪ್ಪಲ್ ಮೇಲೆ ಕರಗಿ ಜಾರುತ್ತದೆ. ಟ್ಯಾಂಕಿನೊಳಗೆ ಮೇಲ್ಗೋಡೆಯ ಕಡೆ ಬಾಗಿರುವ ಹಿತ್ತಾಳೆ ಕೊಳವೆ ಸೈಲೆನ್ಸರ್‌ಗೆ, ಕ್ಲಂಕ್ ಇರುವುದು ಕಾರ್ಬೊರೇಟರ್‌ಗೆ. ಅದಲುಬದಲಾದರೆ ಎಂಜಿನ್ ಕೆಲವು ಸೆಕೆಂಡು ಓಡಿ ನಿಲ್ಲುತ್ತದೆ. ಸೈಲೆನ್ಸರ್ ಮತ್ತು ಎಂಜಿನ್ ಸೇರುವ ಕಡೆ ಗ್ಯಾಸ್ಕೆಟ್ ಸರಿಯಿರಲಿ, ನಿಪ್ಪಲ್ ಬುಡದಲ್ಲಿ ವಾಶರ್ ಇರಲಿ. ನಿಪ್ಪಲ್ ತೂತನ್ನು ತೆಳು ತಂತಿಯಿಂದ ಶುಚಿ ಮಾಡಿ. ಹರಳೆಣ್ಣೆ ಓಡಿಸುವವರ ನಿಪ್ಪಲ್‌ಗಳು ಕಂದು ಅಂಟಿನಿಂದ ಕಟ್ಟಿಕೊಳ್ಳುವುದು ಬಹಳ ಸಾಮಾನ್ಯ. ಪೂರ್ತಿ ಮುಚ್ಚಿದರೆ ಟ್ಯಾಂಕಿಗೆ ಗಾಳಿಯೇ ಹೋಗದು. ಗಾಳಿಸೂಜಿ ಚುಚ್ಚದ ಗ್ಲೂಕೋಸ್ ಬಾಟಲಿಯಂತೆ ಹನಿ ನಿಂತುಹೋಗುತ್ತದೆ.

ನಿಪ್ಪಲ್‌ನಲ್ಲಿ ನಿಜಕ್ಕೂ ಒತ್ತಡ ಬರುತ್ತಿದೆಯೇ ಎಂದು ನೋಡಲು ಮೀಟರ್ ಬೇಡ. ಒಂದು ಮೀಟರ್ ಉದ್ದದ ಟ್ಯೂಬನ್ನು ನಿಪ್ಪಲ್‌ಗೆ ಸಿಕ್ಕಿಸಿ, ಪ್ರಾಪ್‌ನಿಂದ ದೂರ, ರೆಕ್ಕೆಯ ಹಿಂದೆ ಇಟ್ಟ ಬಕೆಟ್ ನೀರಿಗೆ ಇನ್ನೊಂದು ತುದಿ ಬಿಡಿ. ಟ್ಯಾಂಕಿನ ಟ್ಯೂಬು ಆ ಹೊತ್ತಿಗೆ ತೆರೆದಿರುವುದರಿಂದ ನೀಡಲನ್ನು ಅರ್ಧ ಸುತ್ತು ಹೆಚ್ಚು ತೆರೆದುಕೊಳ್ಳಿ. ಫುಲ್ ಥ್ರಾಟಲ್‌ನಲ್ಲಿ ತುದಿಯನ್ನು ನಿಧಾನ ಆಳಕ್ಕಿಳಿಸಿ. 20 ಸೆಂ.ಮೀ. ಆಳದಲ್ಲೂ ಗುಳ್ಳೆ ಬರುತ್ತಿದ್ದರೆ ಕನಿಷ್ಠ ಅಷ್ಟು ನೀರಿನ ಒತ್ತಡ ಇದೆ ಎಂದರ್ಥ. ನಿಮ್ಮ ಇಂಧನ ನೀರಿಗಿಂತ ಹಗುರ, ಅದರ 20 ಸೆಂ.ಮೀ. ಎತ್ತರ ನೀರಿನ ಹದಿನಾರು ಹದಿನೇಳು ಸೆಂ.ಮೀ.ಗೆ ಸಮ. ಎಂದರೆ ನೇರ ಮೇಲೇರುವಾಗಿನ ಪೂರ್ತಿ ಎತ್ತರಕ್ಕೆ ಅದು ಉತ್ತರ ಕೊಡುತ್ತದೆ. ಥ್ರಾಟಲ್ ಇಳಿಸುವ ಮೊದಲೇ ಟ್ಯೂಬನ್ನು ನೀರಿನಿಂದ ಹೊರತೆಗೆಯಬೇಕು, ಇಲ್ಲವಾದರೆ ನೀರು ಹಿಂದಕ್ಕೆ ಹೋಗಬಹುದು.

ಟ್ಯೂಬು ಜೋಡಿಸಿದ ಮೇಲೆ ನೀಡಲ್ ಹಳೆಯ ಜಾಗದಲ್ಲಿ ರಿಚ್ ಆಗಿರುತ್ತದೆ. ಹಾಗೇ ಸ್ಟಾರ್ಟ್ ಮಾಡಿ, ಒಂದು ನಿಮಿಷ ಬಿಸಿಯಾಗಲು ಬಿಟ್ಟು, ಫುಲ್ ಥ್ರಾಟಲ್‌ನಲ್ಲಿ ಒಂದೊಂದೇ ಕ್ಲಿಕ್ ಮುಚ್ಚುತ್ತ ಬನ್ನಿ. ವೇಗ ಇನ್ನು ಏರದ ಜಾಗ ಸಿಕ್ಕಿದೊಡನೆ ಹಿಂದಕ್ಕೆ ತೆರೆಯಿರಿ. ಟ್ಯಾಕೊಮೀಟರ್ ಇದ್ದರೆ ಗರಿಷ್ಠಕ್ಕಿಂತ 300ರಿಂದ 500 ಆರ್‌ಪಿಎಂ ಕೆಳಗೆ ನಿಲ್ಲಿಸಿ. ಆಮೇಲೆ ಮೂಗೆತ್ತುವ ಪರೀಕ್ಷೆ: ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡು, ಪ್ರಾಪ್‌ನ ಹಿಂದೆ ನಿಂತು, ಕೊರಳಲ್ಲಿ ನೇತಾಡುವ ಐಡಿ ಕಾರ್ಡು ಶಾಲು ಏನಿದ್ದರೂ ತೆಗೆದಿಟ್ಟು, ಫುಲ್ ಥ್ರಾಟಲ್‌ನಲ್ಲಿ ಮೂಗನ್ನು 60 ಡಿಗ್ರಿಗಿಂತ ಮೇಲೆತ್ತಿ ಹತ್ತು ಸೆಕೆಂಡು ಹಿಡಿಯಿರಿ. ವೇಗ ತುಸು ಏರಿ ಅಲ್ಲೇ ನಿಂತರೆ ಸರಿಯಾಗಿದೆ. ಏರಿ ಕುಸಿದರೆ ಇನ್ನೆರಡು ಕ್ಲಿಕ್ ತೆರೆಯಿರಿ. ಈ ಪರೀಕ್ಷೆಯನ್ನು ತುಂಬಿದ ಟ್ಯಾಂಕಿನಲ್ಲಿ ಮಾಡಿ ತೃಪ್ತಿಪಡುವವರೇ ಹೆಚ್ಚು. ನಿಮ್ಮ ತೊಂದರೆ ಇರುವುದು ಅರ್ಧ ಟ್ಯಾಂಕಿನಲ್ಲಿ, ಪರೀಕ್ಷೆಯೂ ಅಲ್ಲೇ ಆಗಬೇಕು. ಐಡಲ್ ಸ್ಕ್ರೂ ಮುಟ್ಟುವುದು ಇದೆಲ್ಲ ಮುಗಿದ ಮೇಲೆ.

ಡಿಸೆಂಬರ್ ಬೆಳಗಿನ 15 ಡಿಗ್ರಿ ಚಳಿಯಲ್ಲಿ ಗಾಳಿ ಮಧ್ಯಾಹ್ನದ 28 ಡಿಗ್ರಿಗಿಂತ ಸುಮಾರು ನೂರಕ್ಕೆ 4 ಪಾಲು ದಟ್ಟ. ಮಧ್ಯಾಹ್ನ ಕೂರಿಸಿದ ನೀಡಲ್ ಮರುದಿನ ಬೆಳಿಗ್ಗೆ ಲೀನ್ ಕಡೆಗೆ ವಾಲಿರುತ್ತದೆ. ಮೊದಲ ಹಾರಾಟಕ್ಕೆ ಒಂದೆರಡು ಕ್ಲಿಕ್ ತೆರೆದು ಶುರು ಮಾಡಿ.

ಹೊಸದಾಗಿ ಬರುವ ಅಪಾಯಗಳು

ದೊಡ್ಡದು ಇಂಧನ ತುಂಬುವಾಗಿನದು. ಕಾರ್ಬೊರೇಟರ್ ಕಡೆಯ ಟ್ಯೂಬು ಬಿಚ್ಚಿ ಅದರಿಂದ ತುಂಬುವಾಗ ಸೈಲೆನ್ಸರ್ ಕಡೆಯ ಟ್ಯೂಬನ್ನೂ ಬಿಚ್ಚಲೇಬೇಕು, ತುಂಬಿ ಹೊರಬರುವ ಇಂಧನವನ್ನು ಬಾಟಲಿಗೆ ಹಿಡಿಯಬೇಕು. ಬಿಚ್ಚುವುದು ಮರೆತರೆ ಉಕ್ಕಿದ ಇಂಧನ ಸೈಲೆನ್ಸರ್‌ಗೆ ಇಳಿದು, ಅಲ್ಲಿಂದ ಎಕ್ಸಾಸ್ಟ್ ಮೂಲಕ ಸಿಲಿಂಡರಿಗೆ ಹೋಗುತ್ತದೆ. ಎಂಜಿನ್ ತಲೆಕೆಳಗಾಗಿ ಕೂರಿಸಿದ ವಿಮಾನಗಳಲ್ಲಿ ಇದು ಇನ್ನೂ ಬೇಗ. ದ್ರವ ಕುಗ್ಗುವುದಿಲ್ಲ, ಎಲೆಕ್ಟ್ರಿಕ್ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರತಿ ಸಲವೂ ಸ್ಟಾರ್ಟರ್‌ಗೆ ಮೊದಲು, ಗ್ಲೋ ಬ್ಯಾಟರಿ ಜೋಡಿಸದೆ, ಪ್ರಾಪ್ ಅನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಪ್ಲಗ್ ಬಿಚ್ಚಿ ಇಂಧನ ಹೊರಹಾಕಿ.

ಎರಡನೆಯದು ಹಾರುವಾಗ ಟ್ಯೂಬು ಕಳಚುವುದು. ಒತ್ತಡ ಹೋದ ಕ್ಷಣವೇ ಎಂಜಿನ್ ಲೀನ್. ನಿಪ್ಪಲ್ ಮೇಲಿನ ಒಂದು ಸೆಂ.ಮೀ. ಭಾಗ ಶಾಖಕ್ಕೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಆಗಾಗ ಅಷ್ಟನ್ನು ಕತ್ತರಿಸಿ ಹಾಕಿ. ಅದಕ್ಕೆಂದೇ ಟ್ಯೂಬನ್ನು ಸ್ವಲ್ಪ ಉದ್ದ ಬಿಟ್ಟಿರಿ. ಸೈಲೆನ್ಸರ್ ಬದಲಿಸಿದರೆ ಅಥವಾ ಅದರೊಳಗಿನ ತಡೆಯನ್ನು ತೆಗೆದರೆ ಒತ್ತಡವೂ ಬದಲಾಗುತ್ತದೆ, ಟ್ಯೂನಿಂಗ್ ಮೊದಲಿನಿಂದ ಶುರು. ಒತ್ತಡ ಹಿಂದಕ್ಕೆ ಹೋಗದಿರಲೆಂದು ಈ ಟ್ಯೂಬಿನಲ್ಲಿ ಒಂದು ಕಡೆ ಮಾತ್ರ ಬಿಡುವ ವಾಲ್ವ್ ಹಾಕುವವರಿದ್ದಾರೆ. ಬೇಡ. ಇಳಿಸಲು ಥ್ರಾಟಲ್ ತಗ್ಗಿಸಿದಾಗ ಟ್ಯಾಂಕಿನ ಒತ್ತಡವೂ ತಗ್ಗಬೇಕು. ತಗ್ಗದಿದ್ದರೆ ಐಡಲ್‌ನಲ್ಲಿ ಎಂಜಿನ್ ಇಂಧನದಲ್ಲಿ ಮುಳುಗಿ, ಮತ್ತೆ ಥ್ರಾಟಲ್ ಕೊಟ್ಟಾಗ ನಿಲ್ಲುತ್ತದೆ.

ಟ್ಯೂಬೇ ಬೇಡವೆಂದರೆ, ಗಾಳಿ ಕೊಳವೆಯ ಬಾಯಿಯನ್ನು ಮುಂದಕ್ಕೆ ತಿರುಗಿಸಿ ಎದುರುಗಾಳಿ ಒಳಗೆ ಒತ್ತುವಂತೆ ಮಾಡಬಹುದು. ಗಂಟಲು ಕಿರಿದಾದ ಕಂಟ್ರೋಲ್‌ಲೈನ್ (ತಂತಿ ಹಿಡಿದು ಸುತ್ತ ಹಾರಿಸುವ ಮಾದರಿ) ಎಂಜಿನ್ನುಗಳಿಗೂ ಸಣ್ಣ ಡೀಸೆಲ್ ಎಂಜಿನ್ನುಗಳಿಗೂ ಅದು ಸಾಕಾಗುತ್ತದೆ. ನಿಮ್ಮದಕ್ಕೆ ಸಾಲದು: ಏರುವಾಗ ವಿಮಾನದ ವೇಗ ಇಳಿಯುತ್ತದೆ, ಒತ್ತಡ ಬೇಕಾದಾಗಲೇ ಅದು ಕೈಕೊಡುತ್ತದೆ. ಕ್ರಾಂಕ್‌ಕೇಸಿನಿಂದ ಒತ್ತಡ ತೆಗೆಯುವ ಮಾತೂ ಕಿವಿಗೆ ಬಿದ್ದಿರಬಹುದು. ಅದು ಬಹಳ ಹೆಚ್ಚಿನ ಒತ್ತಡ, ಅದಕ್ಕೆ ತಕ್ಕ ರೆಗ್ಯುಲೇಟರ್ ಎಂಜಿನ್ನಿನಲ್ಲೇ ಇರಬೇಕು. ವೈಎಸ್ ಎಂಬ ಕಂಪನಿಯ ಎಂಜಿನ್ನುಗಳಲ್ಲಿ ಅಂಥ ವ್ಯವಸ್ಥೆ ಕಾರ್ಖಾನೆಯಿಂದಲೇ ಬರುತ್ತದೆ. ಸಾಧಾರಣ ಕಾರ್ಬೊರೇಟರಿಗೆ ಅದನ್ನು ಕೊಟ್ಟರೆ ನೀಡಲ್ ಅರ್ಧ ಕ್ಲಿಕ್ ತಿರುಗಿದರೂ ಎಂಜಿನ್ ಈ ತುದಿಯಿಂದ ಆ ತುದಿಗೆ ಹಾರುತ್ತದೆ.

ಇನ್ನು ನಿಮ್ಮ ಪೆಟ್ರೋಲ್ ಎಂಜಿನ್. ಬಹುಮಟ್ಟಿಗೆ ಅವುಗಳಿಗೆ ವಾಲ್ಬ್ರೊ ಮಾದರಿಯ ಡಯಾಫ್ರಮ್ ಕಾರ್ಬೊರೇಟರ್ ಇರುತ್ತದೆ, ಕಾಫಿ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರದ ಮೇಲಿರುವುದೂ ಅದೇ ಜಾತಿ. ಯಂತ್ರವನ್ನು ಹೇಗೆ ಓರೆ ಮಾಡಿ ಕೊಚ್ಚಿದರೂ ನಿಲ್ಲದಿರಲು ಕಾರಣ, ಆ ಕಾರ್ಬೊರೇಟರಿನೊಳಗೇ ಸಣ್ಣದೊಂದು ಪಂಪು, ಹರಿವು ತಡೆಯುವ ಸೂಜಿ ಎರಡೂ ಇವೆ. ಅದಕ್ಕೆ ಸೈಲೆನ್ಸರ್ ಟ್ಯೂಬು ಹಾಕಬೇಡಿ. ಹೆಚ್ಚುವರಿ ಒತ್ತಡ ಆ ಸೂಜಿಯನ್ನು ಮೀರಿದರೆ ಇಂಧನ ಉಕ್ಕುತ್ತದೆ. ಗಾಳಿ ಕೊಳವೆ ವಿಮಾನದ ಹೊಟ್ಟೆಯ ಕೆಳಗೆ ಹೊರಕ್ಕೆ ತೆರೆದಿರಲಿ. ನಿಮ್ಮ ಗ್ಲೋ ಟ್ಯಾಂಕನ್ನೂ ಅದಕ್ಕೆ ಬಳಸಬೇಡಿ. ಸಿಲಿಕಾನ್ ಟ್ಯೂಬು ಪೆಟ್ರೋಲಿನಲ್ಲಿ ಊದಿಕೊಂಡು ಮೆತ್ತಗಾಗಿ ಕಳಚುತ್ತದೆ, ಟ್ಯಾಂಕಿನ ಬಿರಡೆಯ ಗತಿಯೂ ಅದೇ. ಪೆಟ್ರೋಲಿಗೆ ಟೈಗಾನ್ ಟ್ಯೂಬು, ಪೆಟ್ರೋಲಿಗೆಂದೇ ಮಾಡಿದ ಬಿರಡೆ, ಟ್ಯಾಂಕಿನ ಒಳಗಿನ ಕ್ಲಂಕ್ ಟ್ಯೂಬು ಸಹ ಅದೇ ಜಾತಿಯದು ಬೇಕು. ಹೊರಗಿನದನ್ನು ಬದಲಿಸಿ ಒಳಗಿನದನ್ನು ಮರೆಯುವುದೇ ಹೆಚ್ಚು, ಆಮೇಲೆ ಕ್ಲಂಕ್ ಕಳಚಿ ಟ್ಯಾಂಕಿನ ತಳದಲ್ಲಿ ಬಿದ್ದಿರುತ್ತದೆ.